ಎಲೆ ತುಕ್ಕಿಗೆ ಆಸ್ಪಿರಿನ್ ಸ್ಪ್ರೇ: ಗಿಡದ ರಕ್ಷಣಾ ಜೀನ್ ಎಚ್ಚರಗೊಳ್ಳುವುದು ನಿಜವೇ? ಯಾವಾಗ ಹೊಡೆಯಬೇಕು?

ಹಾರಂಗಿ_ದಂಡೆ ಕೇಳಿದ್ದು:

ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿ ತೋಟ. ಹೆಚ್ಚಿನದು ಎಸ್.795 ತಳಿ, ಒಂದು ಬ್ಲಾಕ್ ಮಾತ್ರ ಚಂದ್ರಗಿರಿ ತಳಿ. ಎರಡಕ್ಕೂ ಒಂದೇ ನೆರಳು, ಒಂದೇ ಗೊಬ್ಬರ, ಮೇ ಕೊನೆಗೆ ಒಂದೇ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ). ಆದರೂ ಸೆಪ್ಟೆಂಬರ್ ಹೊತ್ತಿಗೆ 795ರ ಎಲೆ ಮಗುಚಿದರೆ ಕಿತ್ತಳೆ ಪುಡಿ. ಚಂದ್ರಗಿರಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಏನಿಲ್ಲ.

ಈಗ ವಾಟ್ಸ್ಯಾಪ್‌ನಲ್ಲಿ ಒಂದು ಸಲಹೆ ಓಡಾಡುತ್ತಿದೆ: "200 ಲೀಟರ್ ಬ್ಯಾರಲ್‌ಗೆ 100 ಆಸ್ಪಿರಿನ್ ಮಾತ್ರೆ ಕರಗಿಸಿ ಹೊಡೆಯಿರಿ. ಗಿಡದ ರೋಗನಿರೋಧಕ ಜೀನ್ ಆನ್ ಆಗುತ್ತದೆ. ಮೈಲುತುತ್ತ ಬೇಡವೇ ಬೇಡ." ಇದರಲ್ಲಿ ತಿರುಳೆಷ್ಟು, ಜೊಳ್ಳೆಷ್ಟು? ಜೀನ್ ಆನ್ ಆಗುವುದು ಅಂದರೆ ಎಲೆಯೊಳಗೆ ನಡೆಯುವುದೇನು? ರಕ್ಷಣೆಯ ಜೀನ್ ಗಿಡದಲ್ಲಿ ಇದ್ದೇ ಇದೆ ಅಂದಮೇಲೆ ಅದು ಸದಾ ಆನ್ ಆಗಿಯೇ ಯಾಕಿರಬಾರದು? ಹೊಡೆಯುವುದಾದರೆ ಅಳತೆ ಮತ್ತು ಸಮಯ ಹೇಳಿ. ಬೋರ್ಡೋ ಜೊತೆ ಬೆರೆಸಬಹುದಾ ಅನ್ನುವುದೂ ಬೇಕು.

---

ಎಲೆಬೆನ್ನು:

ಸಲಹೆಯ ಮೊದಲರ್ಧದಲ್ಲಿ ವಿಜ್ಞಾನ ಇದೆ. "ಮೈಲುತುತ್ತ ಬೇಡ" ಅನ್ನುವುದು ಯಾರೋ ಆಮೇಲೆ ಅಂಟಿಸಿದ ಬಾಲ.

ಮೊದಲು ತುಕ್ಕಿನ ಗಡಿಯಾರ ನೋಡಿ. ಬೀಜಕಣ ಮೊಳೆಯಬೇಕಾದರೆ ಎಲೆಯ ಮೇಲೆ ನೀರಿನ ಪಸೆ ನಿಂತಿರಬೇಕು. 22ರಿಂದ 24 ಡಿಗ್ರಿ ಅದಕ್ಕೆ ಹಿತ. ಕಾಫಿ ಎಲೆಗೆ ಪತ್ರರಂಧ್ರ ಇರುವುದು ಅಡಿಬದಿಯಲ್ಲಿ ಮಾತ್ರ, ರೋಗ ಒಳಗೆ ನುಗ್ಗುವುದೂ ಅಲ್ಲಿಂದಲೇ. ನುಗ್ಗಿದ ದಿನದಿಂದ ಕಿತ್ತಳೆ ಪುಡಿ ಕಣ್ಣಿಗೆ ಬೀಳಲು ಸಾಮಾನ್ಯವಾಗಿ ಮೂರರಿಂದ ಐದು ವಾರ ಹಿಡಿಯುತ್ತದೆ. ಅಂದರೆ ಸೆಪ್ಟೆಂಬರ್‌ನಲ್ಲಿ ಕಂಡ ಪುಡಿ ಆಗಸ್ಟ್‌ನಲ್ಲೇ ಒಳಹೊಕ್ಕದ್ದು.

ಇನ್ನು ಗಿಡದ ಗಡಿಯಾರ. ತುಕ್ಕು ಒಂದು ಬಗೆಯ ಬೂಸ್ಟು (ಶಿಲೀಂಧ್ರ). ಬೂಸ್ಟಿನ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಪದಾರ್ಥ ಇರುತ್ತದೆ. ಅದರ ಚೂರು ಎಲೆಕೋಶದ ಹೊರಗಿನ ಗ್ರಾಹಕ ಪ್ರೋಟೀನಿಗೆ ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಏಳುತ್ತದೆ. ಐದು-ಹದಿನೈದು ನಿಮಿಷಕ್ಕೆ ಮ್ಯಾಪ್ ಕೈನೇಸ್ ಎಂಬ ಕಿಣ್ವಗಳು ಒಂದನ್ನೊಂದು ತಟ್ಟಿ ಎಬ್ಬಿಸುತ್ತವೆ. ಕೊನೆಯ ತಟ್ಟು ಬೀಳುವುದು ಡಬ್ಲ್ಯುಆರ್‌ಕೆವೈ ಎಂಬ ಗುಂಪಿನ ಪ್ರೋಟೀನುಗಳಿಗೆ. ಇವು ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎ ಹುಡುಕಿ, ಜೀನಿನ ತಲೆಬಾಗಿಲಲ್ಲಿ ಟಿಟಿಜಿಎಸಿ ಎಂಬ ಐದಕ್ಷರ ಎಲ್ಲಿದೆಯೋ ಅಲ್ಲಿ ಕೂರುತ್ತವೆ. ಕೂತಮೇಲೆ ಆ ಜೀನಿನ ನಕಲು ಹೊರಡುತ್ತದೆ, ನಕಲಿನಿಂದ ಕಿಣ್ವ, ಕಿಣ್ವದಿಂದ ರಾಸಾಯನಿಕ. ಗಂಟೆಗಳಿಂದ ಒಂದೆರಡು ದಿನದೊಳಗೆ ಎಲೆಯಲ್ಲಿ ಬೂಸ್ಟಿಗೆ ವಿಷವಾಗುವ ಪದಾರ್ಥ ಶೇಖರವಾಗುತ್ತದೆ. ಹೀಗೆ ರೋಗ ತಗುಲಿದ ಮೇಲೆ ಹುಟ್ಟುವ ವಿಷಕ್ಕೆ ಫೈಟೋಅಲೆಕ್ಸಿನ್ ಎಂದು ಹೆಸರು. ಆಲೂಗೆಡ್ಡೆಯ ಅಂಗಮಾರಿ ಮೇಲೆ ಕೆಲಸ ಮಾಡಿದ ಮುಲ್ಲರ್ ಮತ್ತು ಬೋರ್ಗರ್ 1940ರಲ್ಲಿ ಈ ಕಲ್ಪನೆ ಮುಂದಿಟ್ಟರು.

"ಸದಾ ಆನ್ ಯಾಕಿರಬಾರದು" ಅನ್ನುವುದು ನಿಮ್ಮ ಪ್ರಶ್ನೆಗಳಲ್ಲಿ ಅತಿ ಒಳ್ಳೆಯದು. ಸಾಸಿವೆಯ ದಾಯಾದಿ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕ್ಯಾಮಲೆಕ್ಸಿನ್ ಎಂಬ ಫೈಟೋಅಲೆಕ್ಸಿನ್ ಇದೆ. ಅದನ್ನು ತಯಾರಿಸುವ ಜೀನುಗಳು ಡಬ್ಲ್ಯುಆರ್‌ಕೆವೈ33ರ ಹಿಡಿತದಲ್ಲಿವೆ. ಆದರೆ ಹಿಡಿತ ಅಷ್ಟಕ್ಕೇ ಮುಗಿಯುವುದಿಲ್ಲ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಉಂಡೆಯ ಬಾಲಕ್ಕೆ ಒಂದು ಬಗೆಯ ಗುರುತು ಬಿದ್ದರೆ ಜೀನ್ ಮುಚ್ಚಿರುತ್ತದೆ, ಇನ್ನೊಂದು ಬಗೆ ಬಿದ್ದರೆ ತೆರೆದಿರುತ್ತದೆ. ಕ್ಯಾಮಲೆಕ್ಸಿನ್ ಜೀನುಗಳ ಮೇಲೆ ಎರಡೂ ಗುರುತು ಒಟ್ಟಿಗೇ ಇವೆ ಎಂದು 2021ರಲ್ಲಿ ಪ್ರಕಟವಾದ ಕೆಲಸ ತೋರಿಸಿತು: ಹಿಸ್ಟೋನ್ 3ರ 27ನೇ ಲೈಸೀನ್ ಮೇಲೆ ಮೂರು ಮೀಥೈಲ್ (ಮುಚ್ಚು), 18ನೇ ಲೈಸೀನ್ ಮೇಲೆ ಅಸಿಟೈಲ್ (ತೆರೆ). ಮುಚ್ಚುವ ಗುರುತು ಕಡಿಮೆಯಾದ ಗಿಡದಲ್ಲಿ ಜೀನ್ ಹೊತ್ತಿಗೆ ಮುಂಚೆಯೇ ಎದ್ದಿತು, ತೆರೆಯುವ ಗುರುತು ಕಡಿಮೆಯಾದದ್ದರಲ್ಲಿ ತಡವಾಯಿತು.

ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಥೇಟ್ ಅದೇ. ಆರಿಲ್ಲ, ಉರಿಯುತ್ತಲೂ ಇಲ್ಲ. ಊದಿದರೆ ತಕ್ಷಣ ಹತ್ತಿಕೊಳ್ಳುತ್ತದೆ.

ಸದಾ ಉರಿಸಿದರೆ ಸೌದೆ ಖಾಲಿ. ಆಸ್ಪಿರಿನ್ ಒಡೆದಾಗ ಸಿಗುವ ಸ್ಯಾಲಿಸಿಲಿಕ್ ಆಮ್ಲ ಗಿಡದೊಳಗೆ ರಕ್ಷಣೆ ಎಬ್ಬಿಸುವ ಸಂಕೇತವೂ ಹೌದು. ಆ ಸ್ಯಾಲಿಸಿಲಿಕ್ ಆಮ್ಲದ ದಾರಿ ಯಾವಾಗಲೂ ತೆರೆದೇ ಇರುವ ಅರಬಿಡಾಪ್ಸಿಸ್ ತಳಿಗಳು ಲ್ಯಾಬಿನಲ್ಲಿವೆ. ಅವು ರೋಗಕ್ಕೆ ಬಗ್ಗುವುದಿಲ್ಲ, ಆದರೆ ಗಿಡ ಕುಬ್ಜ, ಬೀಜ ಕಡಿಮೆ. ಕಾಫಿಯಲ್ಲಿ ಇಳುವರಿ ಬೇಡ ಅನ್ನುವವರು ಯಾರೂ ಇಲ್ಲವಷ್ಟೆ.

ಒಂದು ಎಚ್ಚರಿಕೆ. ಕ್ಯಾಮಲೆಕ್ಸಿನ್ ಸಾಸಿವೆ ಕುಟುಂಬದ್ದು, ಕಾಫಿಯಲ್ಲಿ ಇಲ್ಲ. ಎಚ್ಚರಿಸುವ ವ್ಯವಸ್ಥೆ ಮಾತ್ರ ಎರಡರಲ್ಲೂ ಒಂದೇ ಜಾಡಿನದು. ಕಾಫಿಯ ಹತ್ತಿರ ಮೊದಲೇ ತುಂಬಿಟ್ಟ ದಾಸ್ತಾನೂ ಇದೆ. ಕೆಫೀನ್ ಮತ್ತು ಕ್ಲೋರೋಜೆನಿಕ್ ಆಮ್ಲ ರೋಗ ಬರಲಿ ಬಿಡಲಿ ಎಲೆಯಲ್ಲಿರುತ್ತವೆ, ಕೆಫೀನ್ ಎಳೆ ಎಲೆಯಲ್ಲಿ ಹೆಚ್ಚು.

ಚಂದ್ರಗಿರಿ ಯಾಕೆ ತಡೆಯುತ್ತದೆ ಅಂದರೆ, ಅದರ ಹತ್ತಿರ ಹೆಚ್ಚು ವಿಷ ಇದೆ ಅಂತಲ್ಲ, ಗುರುತು ಹಿಡಿಯುವ ಕಣ್ಣು ಹೆಚ್ಚು ಇದೆ. ಅದು ವಿಲ್ಲಾ ಸಾರ್ಚಿ ಎಂಬ ಅರೇಬಿಕಾ ತಳಿ ಮತ್ತು ಅರೇಬಿಕಾ-ರೊಬಸ್ಟಾ ಬೆರಕೆಯಾದ ಹಿಬ್ರಿಡೋ ಡಿ ಟಿಮೋರ್ ಸಂಕರದಿಂದ ಬಂದದ್ದು, ಬಿಡುಗಡೆ 2007. ಟಿಮೋರ್ ಕಡೆಯಿಂದ ರೊಬಸ್ಟಾದ ನಿರೋಧಕ ಜೀನುಗಳು ಬಂದಿವೆ. ಎಸ್.795ಕ್ಕೆ ಲಿಬೆರಿಕಾ ಎಂಬ ಇನ್ನೊಂದು ಕಾಫಿ ಜಾತಿಯಿಂದ ಬಂದ ಎಸ್‌ಎಚ್3 ಎಂಬ ನಿರೋಧಕ ಜೀನ್ ಇದೆ. ಆದರೆ ತುಕ್ಕು ವೇಷ ಬದಲಿಸುತ್ತದೆ. ಒಂದೇ ತುಕ್ಕಿನಲ್ಲಿ ಬೇರೆಬೇರೆ ಪ್ರಭೇದಗಳಿವೆ ಎಂದು 1930ರ ದಶಕದಲ್ಲೇ ಮೇಯ್ನ್ ಎಂಬ ವಿಜ್ಞಾನಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕೆಲಸದಲ್ಲಿ ತೋರಿಸಿದ್ದರು. ಇವತ್ತಿಗೆ ಅವು 50 ದಾಟಿವೆ. ಎಸ್‌ಎಚ್3 ಕಣ್ಣಿಗೆ ಕಾಣದ ವೇಷದವು ತೋಟಕ್ಕೆ ಬಂದಾಗ 795ರಲ್ಲಿ ಎಚ್ಚರಿಕೆ ತಡವಾಗಿ ಹೊರಡುತ್ತದೆ. ಗುರುತು ಸಿಕ್ಕ ಗಿಡದಲ್ಲಿ ರಂಧ್ರದ ಸುತ್ತಲಿನ ಕೆಲವು ಕೋಶಗಳು ತಾವೇ ಸಾಯುತ್ತವೆ. ಜೀವಂತ ಕೋಶವನ್ನೇ ತಿಂದು ಬದುಕುವ ತುಕ್ಕು ಅಲ್ಲಿಗೆ ಉಪವಾಸ. ಚಂದ್ರಗಿರಿ ಎಲೆಯಲ್ಲಿ ಪುಡಿ ಏಳದ ಮಾಸಲು ಹಳದಿ ಚುಕ್ಕೆ ಕಂಡರೆ ಹತ್ತುಪಟ್ಟು ಲೆನ್ಸ್ ಹಿಡಿದು ನೋಡಿ. ರೋಗ ಬಂದು ಸೋತ ಜಾಗ ಇರಬಹುದು.

---

ಬ್ಯಾರಲ್_ಲೆಕ್ಕ:

ಎಲೆಬೆನ್ನು ಅವರು ಎಲೆಯೊಳಗಿನದ್ದು ಹೇಳಿದ್ದಾರೆ, ನಾನು ಬ್ಯಾರಲ್‌ನದ್ದು ಹೇಳುತ್ತೇನೆ.

ವಾಟ್ಸ್ಯಾಪ್ ಲೆಕ್ಕ ಹುಚ್ಚು ಲೆಕ್ಕವಲ್ಲ. 350 ಮಿಲಿಗ್ರಾಂನ 100 ಮಾತ್ರೆ ಅಂದರೆ 35 ಗ್ರಾಂ. ಆಸ್ಪಿರಿನ್‌ನ ಅಣುತೂಕ 180. 200 ಲೀಟರಿಗೆ ಹಂಚಿದರೆ ಹೆಚ್ಚುಕಡಿಮೆ 1 ಮಿಲಿಮೋಲಾರ್ (ಲೀಟರಿಗೆ ಅಣುತೂಕದ ಸಾವಿರದಲ್ಲೊಂದು ಪಾಲು ಗ್ರಾಂ, ಇಲ್ಲಿ 0.18 ಗ್ರಾಂ). ಪ್ರಯೋಗಗಳಲ್ಲಿ ಬಳಸುವ ಮಟ್ಟದ ಮೇಲಿನ ತುದಿ ಅದು. ತೊಂದರೆ ಮೂರು ಕಡೆ ಇದೆ. ಮಾತ್ರೆಯಲ್ಲಿ ಪಿಷ್ಟದಂಥ ಭರ್ತಿ ಇರುತ್ತದೆ, ಅದು ಕರಗದೆ ನಾಜಲ್ ಕಟ್ಟುತ್ತದೆ. ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ ಆಗಬೇಕು, ಅದು ನಿಧಾನ. ಎಲ್ಲಕ್ಕಿಂತ ಮುಖ್ಯವಾದದ್ದು ಹುಳಿ: 1 ಮಿಲಿಮೋಲಾರ್ ಸ್ಯಾಲಿಸಿಲಿಕ್ ಆಮ್ಲದ ಬರಿ ನೀರಿನ ಪಿಎಚ್ ಮೂರರ ಆಸುಪಾಸು.

ಬೋರ್ಡೋ ಜೊತೆ ಬೆರೆಸಬಹುದಾ ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಬೆರೆಸಬೇಡಿ. ಬೋರ್ಡೋ ಎಲೆಯನ್ನು ಸುಡದೆ ಇರುವುದೇ ಸುಣ್ಣ ತಾಮ್ರವನ್ನು ಕರಗದ ರೂಪದಲ್ಲಿ ಹಿಡಿದಿಟ್ಟಿರುವುದರಿಂದ. ಹುಳಿ ನೀರು ಬಿದ್ದರೆ ತಾಮ್ರ ಬಿಡುಗಡೆಯಾಗಿ ಚಿಗುರು ಸುಟ್ಟ ಹಾಗಾಗುತ್ತದೆ. ಬೋರ್ಡೋ ಬಿಳಿನೀಲಿ ಕಲೆ ಇನ್ನೂ ದಟ್ಟವಾಗಿರುವ ಎಲೆಯ ಮೇಲೆ ಹೊಡೆದರೂ ಇದೇ ಪಾಡು.

ಪರೀಕ್ಷೆ ಮಾಡಲೇಬೇಕು ಅಂದರೆ ಮಾತ್ರೆ ಬಿಡಿ, ಸ್ಯಾಲಿಸಿಲಿಕ್ ಆಮ್ಲದ ಪುಡಿ ತನ್ನಿ. 15 ಲೀಟರ್ ಬೆನ್ನಿನ ಪಂಪಿಗೆ 1 ಗ್ರಾಂ ಹಾಕಿದರೆ 0.5 ಮಿಲಿಮೋಲಾರ್ ಆಗುತ್ತದೆ. ಪುಡಿ ತಣ್ಣೀರಲ್ಲಿ ತೇಲುತ್ತದೆ, ಒದ್ದಾಡಬೇಡಿ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಚಕ್ಕೆ ಅರ್ಧ ಗ್ರಾಂ ಹಾಕಿ ಕರಗಿಸಿ, ಆಮೇಲೆ ಅದಕ್ಕೆ ಪುಡಿ ಸೇರಿಸಿ ಕಲಕಿ. ತಿಳಿಯಾಗುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು, ಕೈಗೆ ಗವಸು ಬೇಕು, ಚಕ್ಕೆ ಚರ್ಮ ಸುಡುತ್ತದೆ. ಪಿಎಚ್ ಕಾಗದದಲ್ಲಿ 6ರಿಂದ 7 ತೋರಿಸಿದ ಮೇಲೆ ಪಂಪಿಗೆ ಸುರಿದು ನೀರು ತುಂಬಿಸಿ. ಅಂಟಿಗೆ ಲೀಟರಿಗೆ ಅರ್ಧ ಮಿಲಿ ಸ್ಪ್ರೆಡರ್ ಸಾಕು. ಎಲೆಯ ಅಡಿಗೆ ತಾಗುವಂತೆ ನಾಜಲ್ ಮೇಲ್ಮುಖ ಹಿಡಿಯಿರಿ, ಬಿಸಿಲೇರುವ ಮುಂಚೆ ಮುಗಿಸಿ. ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ. ಭಾಗಮಂಡಲ ಕಡೆ ಜುಲೈನಲ್ಲಿ ಈ ಮಾತು ಎತ್ತುವುದೇ ವ್ಯರ್ಥ.

ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂತ 2 ಮಿಲಿಮೋಲಾರ್‌ಗೆ ಏರಿಸಿದರೆ ಎಳೆ ಎಲೆಯ ಅಂಚು ಕಂದುಗಟ್ಟುವ ಅಪಾಯ ಇದೆ. ಅದು ರೋಗವಲ್ಲ, ಔಷಧಿಯ ಏಟು.

ಸಮಯ: ಈ ತರದ ಸ್ಪ್ರೇ ರೋಗವನ್ನು ಕೊಲ್ಲುವುದಿಲ್ಲ, ಗಿಡವನ್ನು ಸಜ್ಜುಗೊಳಿಸುತ್ತದೆ. ಸಜ್ಜಾಗಲು ಕೆಲವು ದಿನ ಬೇಕು. ಪುಡಿ ಕಂಡ ಮೇಲೆ ಹೊಡೆಯುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಹಂತದಲ್ಲಿ ಕೆಲಸಕ್ಕೆ ಬರುವುದು ಅಂತರ್ವ್ಯಾಪಿ (ಗಿಡದೊಳಗೆ ಹರಡುವ) ಶಿಲೀಂಧ್ರನಾಶಕ.

ಬೆನ್ನೆಲುಬು ಮಾತ್ರ 0.5% ಬೋರ್ಡೋನೇ: 200 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಒಳ್ಳೆಯ ಸುಣ್ಣ. ಬೇರೆಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಿ. ಉಜ್ಜಿದ ಕತ್ತಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಮಾಡಿದ ದಿನವೇ ಮುಗಿಸಿ. ಮುಂಗಾರಿಗೆ ಮೊದಲು ಒಂದು, ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಒಂದು.

---

ಮೆಣಸುಬಳ್ಳಿ:

ಗೋಣಿಕೊಪ್ಪ, ವಿರಾಜಪೇಟೆ ಕಡೆಯವರು ಇದನ್ನು ಓದಿ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಸ್ಯಾಲಿಸಿಲಿಕ್ ಹೊಡೆಯಲು ಹೊರಡುವ ಮುಂಚೆ ಎರಡು ಮಾತು.

ಸೊರಗು ತರುವ ಫೈಟಾಫ್ಥೋರಾ ನೋಡಲು ಬೂಸ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅದರ ಭಿತ್ತಿಯಲ್ಲಿ ಮುಖ್ಯವಾಗಿ ಗ್ಲುಕಾನ್ ಮತ್ತು ಸೆಲ್ಯುಲೋಸ್, ಕೈಟಿನ್ ನಗಣ್ಯ. ಹಾಗಾಗಿ ಗಿಡ ಬಿಡುವ ಕೈಟಿನೇಸ್ ಕಿಣ್ವ ಅದಕ್ಕೆ ತಾಗುವುದು ಕಷ್ಟ, ಗ್ಲುಕನೇಸ್ ತಾಗಬಹುದು. ಅದು ಮೊದಮೊದಲು ಜೀವಂತ ಕೋಶದಲ್ಲಿ ಬದುಕಿ, ಆಮೇಲೆ ಕೋಶ ಕೊಂದು ತಿನ್ನುತ್ತದೆ. ಇಲ್ಲಿ ಗಿಡದ ಎರಡು ದಾರಿಗಳ ಜಗಳ ಶುರು. ಜೀವಂತ ಕೋಶದ ರೋಗಕ್ಕೆ ಸ್ಯಾಲಿಸಿಲಿಕ್ ದಾರಿ, ಕೊಂದು ತಿನ್ನುವುದಕ್ಕೆ ಮತ್ತು ಹುಳುವಿನ ಕಡಿತಕ್ಕೆ ಜಾಸ್ಮೋನಿಕ್ ಆಮ್ಲ ಎಂಬ ಇನ್ನೊಂದು ಸಂಕೇತದ ದಾರಿ. ಒಂದನ್ನು ಎತ್ತಿದರೆ ಇನ್ನೊಂದು ಬಹುಪಾಲು ತಗ್ಗುತ್ತದೆ. ಜಾಸ್ಮೋನಿಕ್ ದಾರಿಯ ಬೀಗಕ್ಕೆ ಜಾಜ್ ಪ್ರೋಟೀನ್ ಎಂದು ಹೆಸರು, 2007ರಲ್ಲಿ ಪತ್ತೆಯಾದದ್ದು. ಸಂಕೇತ ಬಂದಾಗ ಆ ಬೀಗವನ್ನು ಕೋಶವೇ ಚೂರುಮಾಡಿ ಜೀನನ್ನು ಬಿಡಿಸುತ್ತದೆ. ಕೆಲವು ಸೂಡೊಮೊನಾಸ್ ರೋಗಾಣುಗಳು ಕೊರೊನಾಟಿನ್ ಎಂಬ ನಕಲಿ ಕೀಲಿ ಮಾಡಿಕೊಂಡು ಇದೇ ಬಾಗಿಲು ತೆಗೆಸುತ್ತವೆ, ಯಾಕೆಂದರೆ ಆಗ ಸ್ಯಾಲಿಸಿಲಿಕ್ ಬಾಗಿಲು ಮುಚ್ಚುತ್ತದೆ. ಕಳ್ಳನ ಬುದ್ಧಿ ಅಂದರೆ ಇದು.

ಬಳ್ಳಿಗೆ ಪರೀಕ್ಷೆಯಾದ ದಾರಿ ಪೊಟ್ಯಾಷಿಯಂ ಫಾಸ್ಫೊನೇಟ್. ಲೀಟರಿಗೆ 3 ಮಿಲಿ, ಬುಡಕ್ಕೆ ಬಳ್ಳಿಯ ಗಾತ್ರ ನೋಡಿ 5ರಿಂದ 10 ಲೀಟರ್, ಎಲೆಗೂ ಸಿಂಪಡಣೆ. ಮುಂಗಾರು ಹಿಡಿಯುವಾಗ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಇದು ರೋಗಾಣುವನ್ನು ನೇರ ತಡೆಯುತ್ತದೆ, ಜೊತೆಗೆ ಬಳ್ಳಿಯ ಸ್ವಂತ ರಕ್ಷಣೆಯನ್ನೂ ಚುರುಕುಗೊಳಿಸುತ್ತದೆ. ತಾಮ್ರದ ಜೊತೆ ಇದನ್ನೂ ಬೆರೆಸುವಂತಿಲ್ಲ, ಕಾರಣ ಮೇಲೆ ಹೇಳಿದ್ದೇ. ಟ್ರೈಕೋಡರ್ಮಾ (ರೋಗಾಣುವನ್ನು ಹತ್ತಿಕ್ಕುವ ಮಿತ್ರ ಶಿಲೀಂಧ್ರ) ಹಾಕಿದ ಬುಡಕ್ಕೆ ತಾಮ್ರ ಸುರಿದರೆ ಟ್ರೈಕೋಡರ್ಮಾವೂ ಸಾಯುತ್ತದೆ. ಫಾಸ್ಫೊನೇಟ್ ಆದರೆ ಅದಕ್ಕೆ ತೊಂದರೆಯಿಲ್ಲ. ಬೇರಿಗೆ ಹಾಕುವ ಮಿತ್ರ ಬ್ಯಾಕ್ಟೀರಿಯಾ ಸೂಡೊಮೊನಾಸ್ ಫ್ಲೋರೆಸೆನ್ಸ್ ಎಬ್ಬಿಸುವುದು ಜಾಸ್ಮೋನಿಕ್-ಎಥಿಲೀನ್ ದಾರಿಯನ್ನು. ಅಲ್ಲಿಗೆ ಅದೇ ವಾರ ಎಲೆಗೆ ಸ್ಯಾಲಿಸಿಲಿಕ್ ಹೊಡೆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗಾಗಬಹುದು.

ನೀರು ನಿಲ್ಲುವ ಬುಡಕ್ಕೆ ಇದ್ಯಾವುದೂ ನಾಟುವುದಿಲ್ಲ. ಮೊದಲು ಚರಂಡಿ ಬಿಡಿಸಿ.

---

ಕೋಲ್ಡ್‌ಬಾಕ್ಸ್:

ಜೀನ್ ನಿಜವಾಗಿ ಎದ್ದಿದೆಯೇ ಎಂದು ಅಳೆಯಲು ಹೊರಡುವ ವಿದ್ಯಾರ್ಥಿಗಳಿಗೆ, ಕಾಫಿ ಎಲೆ ಕೈಕೊಡುವ ಜಾಗಗಳು ಇವು.

ಎಲೆ ಕಿತ್ತ ಕ್ಷಣವೇ ಗಾಯ. ಗಾಯಕ್ಕೆ ಜಾಸ್ಮೋನಿಕ್ ದಾರಿ ನಿಮಿಷಗಳಲ್ಲಿ ಏಳುತ್ತದೆ. ಕಿತ್ತ ಎಲೆಯನ್ನು ಚೀಲದಲ್ಲಿಟ್ಟು ಜೀಪಿನಲ್ಲಿ ಒಂದು ಗಂಟೆ ತಂದರೆ ನೀವು ಅಳೆಯುವುದು ಸ್ಪ್ರೇಯ ಪರಿಣಾಮವನ್ನಲ್ಲ, ಜೀಪಿನ ಪರಿಣಾಮವನ್ನು. ಗಿಡದ ಬುಡದಲ್ಲೇ ದ್ರವ ಸಾರಜನಕಕ್ಕೆ ಹಾಕಿ. ಅದು ಸಿಗದಿದ್ದರೆ ಆರ್‌ಎನ್‌ಎ (ಜೀನಿನ ನಕಲು) ಕಾಪಾಡುವ ದ್ರಾವಣಕ್ಕೆ ತೆಳುವಾಗಿ ಸೀಳಿ ಮುಳುಗಿಸಿ, ಇಡೀ ಎಲೆ ಹಾಕಿದರೆ ಮೇಣದ ಪದರದಿಂದ ದ್ರಾವಣ ಒಳಗಿಳಿಯುವುದಿಲ್ಲ. ಹೋಲಿಸುವ ಗಿಡಗಳ ಎಲೆಯನ್ನು ಒಂದೇ ಗಂಟೆಯಲ್ಲಿ, ಒಂದೇ ವಯಸ್ಸಿನ ಜೋಡಿಯಿಂದ ತೆಗೆಯಿರಿ. ರಕ್ಷಣಾ ಜೀನುಗಳಿಗೆ ಹಗಲು ರಾತ್ರಿಯ ಏರಿಳಿತ ಇದೆ.

ಕಾಫಿ ಎಲೆಯ ಆರ್‌ಎನ್‌ಎ ಕಂದುಬಣ್ಣಕ್ಕೆ ತಿರುಗಿದರೆ ಪಾಲಿಫಿನಾಲ್ ಅಂಟಿಕೊಂಡಿದೆ ಎಂದರ್ಥ, ಎಸೆದುಬಿಡಿ. ಆರ್‌ಎನ್‌ಎ ತೆಗೆಯುವ ಸಿಟಿಎಬಿ ಬಫರ್‌ಗೆ 2% ಪಿವಿಪಿ (ಪಾಲಿಫಿನಾಲ್ ಹಿಡಿದಿಡುವ ಪುಡಿ), ಬಳಸುವ ಹೊತ್ತಿಗೆ 2% ಬೀಟಾ-ಮರ್ಕ್ಯಾಪ್ಟೊಎಥನಾಲ್ ಸೇರಿಸಿ, ಕೊನೆಗೆ ಲಿಥಿಯಂ ಕ್ಲೋರೈಡ್‌ನಲ್ಲಿ ರಾತ್ರಿಯಿಡೀ ತಂಪಿನಲ್ಲಿ ಇಳಿಸಿ. ಶುದ್ಧತೆ ತೋರಿಸುವ ಬೆಳಕು-ಹೀರುವಿಕೆಯ 260/280 ಅನುಪಾತ 2ರ ಹತ್ತಿರ, 260/230 ಅನುಪಾತ 1.8ರ ಮೇಲೆ ಇರಲಿ. ಎರಡನೆಯದು ಕುಸಿದಿದ್ದರೆ ಆರ್‌ಎನ್‌ಎಯಿಂದ ಡಿಎನ್‌ಎ ನಕಲು (ಸಿಡಿಎನ್‌ಎ) ಮಾಡುವ ಕಿಣ್ವ ಸರಿಯಾಗಿ ಕೆಲಸ ಮಾಡದಿರಬಹುದು. ಡಿಎನ್‌ಎ ಉಳಿದಿಲ್ಲವೆಂದು ಖಚಿತಪಡಿಸಲು ಕಿಣ್ವ ಹಾಕದ ಒಂದು ನಳಿಗೆ ಕಡ್ಡಾಯ.

ಯಾವ ಜೀನ್? ಸ್ಯಾಲಿಸಿಲಿಕ್ ದಾರಿಗೆ ಪಿಆರ್1 ಎಂಬ ರಕ್ಷಣಾ ಜೀನ್. ಸ್ಯಾಲಿಸಿಲಿಕ್ ಏರಿದಾಗ ಕೋಶರಸದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದ ಎನ್‌ಪಿಆರ್1 ಎಂಬ ಪ್ರೋಟೀನ್ ಬಿಡಿಬಿಡಿಯಾಗಿ ನ್ಯೂಕ್ಲಿಯಸ್‌ಗೆ ಹೋಗಿ, ಟಿಜಿಎ ಪ್ರೋಟೀನುಗಳ ಜೊತೆ ಸೇರಿ ಪಿಆರ್1 ಎಬ್ಬಿಸುತ್ತದೆ. ಎನ್‌ಪಿಆರ್1 ತನ್ನ ಜೀನಿನ ನಕಲು ಹೆಚ್ಚಿಸದೆಯೇ ಕೆಲಸ ಮಾಡಬಲ್ಲದು. ಅದನ್ನು ಅಳೆದು "ಬದಲಾವಣೆ ಇಲ್ಲ" ಎಂದು ಬರೆಯುವುದು ಪದೇಪದೇ ಕಾಣುವ ತಪ್ಪು. ಫಿನಾಲ್‌ಗಳ ದಾರಿಗೆ ಪಿಎಎಲ್ ಎಂಬ ಕಿಣ್ವದ ಜೀನ್ ಸೇರಿಸಿ. ಸ್ಪ್ರೇಗೆ ಮುಂಚೆ, ಆಮೇಲೆ 6, 24, 72 ಗಂಟೆ. ಒಂದೇ ಹೊತ್ತಿನ ಅಳತೆಯಿಂದ ಏನೂ ತಿಳಿಯುವುದಿಲ್ಲ.

---

ಹಾರಂಗಿ_ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮೇ ಬೋರ್ಡೋ ಬಿಡುವುದಿಲ್ಲ. 795ರಲ್ಲಿ ಆಗಸ್ಟ್ ಮಳೆ ಬಿಡುವಿನಲ್ಲಿ ಸಣ್ಣ ಪರೀಕ್ಷೆ ಮಾಡಬೇಕೆಂದಿದ್ದೇನೆ. ಎಷ್ಟು ಗಿಡ, ಹೇಗೆ ಎಣಿಸಬೇಕು?

ಇನ್ನೊಂದು, ಸ್ವಲ್ಪ ಪಕ್ಕದ ವಿಷಯ: ಕಕ್ಕಡ 18ಕ್ಕೆ (ಕೊಡವರ ಮಳೆಗಾಲದ ತಿಂಗಳ 18ನೇ ದಿನ) ಪಾಯಸ ಮಾಡುವ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅನ್ನುತ್ತೇವಲ್ಲ, ಅದೂ ಇದೇ ತರ ಜೀನ್ ಎಬ್ಬಿಸುವ ಕತೆಯಾ?

---

ಎಲೆಬೆನ್ನು:

ಮದ್ದುಸೊಪ್ಪಿನ ನೇರಳೆ ಬಣ್ಣವೂ ಪರಿಮಳವೂ ಗಿಡ ಮಾಡಿಕೊಳ್ಳುವ ಇಂಥ ರಾಸಾಯನಿಕಗಳದ್ದೇ. ಇವು ಋತು, ಬೆಳಕು, ತೇವಕ್ಕೆ ತಕ್ಕಂತೆ ಏರಿಳಿಯುವುದು ಗಿಡಗಳಲ್ಲಿ ಸಾಮಾನ್ಯ. ಸರಿಯಾಗಿ 18 ಎಂಬ ಲೆಕ್ಕ ನಂಬಿಕೆಯದು, ಪಾಯಸದ ರುಚಿಗೆ ಅದರಿಂದ ಕೊರತೆಯಿಲ್ಲ.

---

ಬ್ಯಾರಲ್_ಲೆಕ್ಕ:

ಮೂರು ಗುಂಪು ಮಾಡಿ: ಬರಿ ನೀರು ಮತ್ತು ಸ್ಪ್ರೆಡರ್, ಸ್ಯಾಲಿಸಿಲಿಕ್ ಮತ್ತು ಸ್ಪ್ರೆಡರ್, ಏನೂ ಹೊಡೆಯದ್ದು. ಗುಂಪಿಗೆ ಹತ್ತು ಗಿಡ, ಇದನ್ನೇ ತೋಟದ ಮೂರು ಜಾಗದಲ್ಲಿ ಮರುಕಳಿಸಿ. ಎಲ್ಲ 90 ಗಿಡಕ್ಕೂ ಬೋರ್ಡೋ ಒಂದೇ ದಿನ ಆಗಿರಲಿ. ಗುಂಪುಗಳ ನಡುವೆ ಒಂದು ಸಾಲು ಖಾಲಿ ಬಿಡಿ, ಗಾಳಿಗೆ ಸ್ಪ್ರೇ ಹಾರುತ್ತದೆ.

ಗಿಡ ಆರಿಸುವಾಗ ಕಾಯಿ ನೋಡಿ. ಕಾಯಿ ಹೊರೆ ಹೆಚ್ಚಿದ್ದ ಅರೇಬಿಕಾಕ್ಕೆ ತುಕ್ಕು ಹೆಚ್ಚು. ಒಂದು ಗುಂಪಿಗೆ ತುಂಬು ಕಾಯಿಯ ಗಿಡ, ಇನ್ನೊಂದಕ್ಕೆ ಖಾಲಿ ಗಿಡ ಬಿದ್ದರೆ ಸ್ಪ್ರೇ ಗೆದ್ದಿತೋ ಕಾಯಿ ಗೆದ್ದಿತೋ ಹೇಳಲಾಗದು. ಸಿಲ್ವರ್ ಓಕ್ ಬುಡದ ಗಿಡ, ರಸ್ತೆ ಬದಿಯ ಗಿಡ ಬೇಡ.

ಪ್ರತಿ ಗಿಡದ ನಾಲ್ಕು ದಿಕ್ಕಿನ ಒಂದೊಂದು ರೆಕ್ಕೆಗೆ (ಅಡ್ಡ ಕೊಂಬೆಗೆ) ಸ್ಪ್ರೇಗೆ ಮುಂಚೆಯೇ ದಾರ ಕಟ್ಟಿ, ಅದರ ಮೇಲಿನ ಎಲೆ ಎಣಿಸಿ ಬರೆದಿಡಿ. ನಾಲ್ಕನೇ ವಾರ ಮತ್ತು ಎಂಟನೇ ವಾರ ಅದೇ ರೆಕ್ಕೆಗಳಲ್ಲಿ ಪುಡಿ ಕಂಡ ಎಲೆ ಎಷ್ಟು, ಉದುರಿದ್ದು ಎಷ್ಟು ಎಂದು ಬೇರೆಬೇರೆ ಬರೆಯಿರಿ. ಉದುರಿದ ಎಲೆಯನ್ನು ಲೆಕ್ಕದಿಂದ ಬಿಟ್ಟರೆ ರೋಗ ಜಾಸ್ತಿ ಬಂದ ಗಿಡವೇ ಆರೋಗ್ಯವಾಗಿ ಕಾಣುತ್ತದೆ. ಎಣಿಸುವವರಿಗೆ ಯಾವ ಸಾಲಿಗೆ ಏನು ಹೊಡೆದದ್ದು ಎಂದು ಹೇಳಬೇಡಿ.